ಮನೆಯಲ್ಲಿ ಮಕ್ಕಳ ಆಟದ ಜಾಗದ ವ್ಯವಸ್ಥೆ: ಪಾಲಕರಿಗೆ ಮಾಹಿತಿ

ಮೂರರಿಂದ ಆರು ವರ್ಷದೊಳಗಿನ ಮಕ್ಕಳು ಅಂಗನವಾಡಿ ಕೇಂದ್ರದಲ್ಲಿ ಶಾಲಾಪೂರ್ವ ಶಿಕ್ಷಣಕ್ಕೆ ದಾಖಲಾದ ನಂತರವೂ ದಿನದ ಹೆಚ್ಚಿನ ಅವಧಿಯನ್ನು ಮನೆಯಲ್ಲಿಯೇ ಕಳೆಯುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿಗಂತೂ ಮನೆಯೇ ಆಟದ ಅಂಗಳ. ಕೇಂದ್ರ ಸರ್ಕಾರವು 2024ರಲ್ಲಿ ಹೊರತಂದ ‘ನವಚೇತನ’ ಚೌಕಟ್ಟು ಈ ವಯಸ್ಸಿನ ಮಕ್ಕಳಿಗಾಗಿ ಮನೆಯಲ್ಲಿಯೂ ನಡೆಸಬಹುದಾದ ಚಟುವಟಿಕೆಗಳನ್ನು ಒಳಗೊಂಡಿದೆ. ಮಗುವಿನ ದಾಖಲಾತಿ ಕೋರಿ ಬರುವ ಪಾಲಕರ ತಿಳಿವಳಿಕೆಗಾಗಿ ಮನೆಯ ಆಟದ ಜಾಗವನ್ನು ಅಣಿಗೊಳಿಸುವ ಬಗ್ಗೆ ಈ ಕೆಳಗೆ ವಿವರಿಸಲಾಗಿದೆ.

ಆಟದ ಜಾಗವೆಂದರೆ ಪ್ರತ್ಯೇಕ ಕೊಠಡಿಯೇ ಆಗಬೇಕೆಂದಿಲ್ಲ. ಒಂದೇ ಕೋಣೆಯ ಮನೆಯಲ್ಲಿಯೂ ಒಂದು ಚಾಪೆ ಹಾಸುವಷ್ಟು ಸ್ಥಳ ಸಾಕಾಗುತ್ತದೆ. ಆ ಸ್ಥಳವು ಒಲೆ, ನೀರು ತುಂಬಿದ ಬಕೆಟ್ಟು, ಮೆಟ್ಟಿಲು ಮತ್ತು ವಿದ್ಯುತ್ ಪ್ಲಗ್ಗುಗಳಿಂದ ದೂರವಿದ್ದು, ಮನೆಗೆಲಸ ಮಾಡುವವರ ಕಣ್ಣಳತೆಯಲ್ಲಿರುವುದು ಮುಖ್ಯ. ಆಟ ಮುಗಿದಾಗ ಚಾಪೆಯ ನಾಲ್ಕು ಮೂಲೆಗಳನ್ನು ಎತ್ತಿದರೆ ಸಾಮಾನುಗಳೆಲ್ಲ ಒಂದೆಡೆ ಸೇರುತ್ತವೆ. ಬಿದಿರಿನ ಬುಟ್ಟಿ, ಖಾಲಿ ಬಿಸ್ಕತ್ತಿನ ಡಬ್ಬಿ, ಗೋಡೆಯ ಗೂಡು ಇವುಗಳೇ ಸಾಕು; ಹೊಸ ಕಪಾಟು ಕೊಳ್ಳುವ ಅಗತ್ಯವಿಲ್ಲ. ಕಪಾಟು ಇದ್ದಲ್ಲಿ ಅದನ್ನು ಗೋಡೆಗೆ ಭದ್ರವಾಗಿ ಬಿಗಿಯತಕ್ಕದ್ದು. ಮೇಲಿನ ಅಂಕಣದಲ್ಲಿ ಆಟಿಕೆ ಕಂಡ ಮಗು ಕಪಾಟನ್ನೇ ಏಣಿ ಮಾಡಿಕೊಳ್ಳುತ್ತದೆ.

ಅನೇಕ ಮನೆಗಳಲ್ಲಿ ತೊಂದರೆ ಇರುವುದು ಆಟಿಕೆಯ ಕೊರತೆಯಲ್ಲಲ್ಲ, ಎಲ್ಲವೂ ಏಕಕಾಲಕ್ಕೆ ನೆಲದ ಮೇಲಿರುವುದರಲ್ಲಿ. ಹುಟ್ಟುಹಬ್ಬದ ಉಡುಗೊರೆ, ಜಾತ್ರೆಯಲ್ಲಿ ಕೊಂಡ ಪೀಪಿ, ಚಕ್ರ ಕಳೆದ ಕಾರು ಎಲ್ಲವೂ ಒಂದೇ ರಾಶಿಯಲ್ಲಿದ್ದಾಗ ಮಗು ಒಂದನ್ನು ಹಿಡಿದು ಇನ್ನೊಂದನ್ನು ಎಸೆಯುತ್ತದೆ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಪುಟ್ಟ ಮಕ್ಕಳಿಗೆ ಒಮ್ಮೆ 4 ಆಟಿಕೆಗಳನ್ನೂ ಮತ್ತೊಮ್ಮೆ 16 ಆಟಿಕೆಗಳನ್ನೂ ನೀಡಲಾಗಿತ್ತು. 4 ಆಟಿಕೆಗಳಿದ್ದಾಗ ಮಕ್ಕಳು ಒಂದೊಂದರೊಡನೆಯೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಇದು ಸಣ್ಣ ಅಧ್ಯಯನವಾದರೂ ಪಾಲಕರು ತಮ್ಮ ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದಾದ ಸಂಗತಿ.

ದಸರಾ ಗೊಂಬೆ ಕೂರಿಸುವ ಮನೆಗಳಿಗೆ ಈ ಕ್ರಮ ಹೊಸದಲ್ಲ. ವರ್ಷವಿಡೀ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟ ಗೊಂಬೆಗಳು ನವರಾತ್ರಿಯಲ್ಲಿ ಹೊರಬಂದಾಗ ಮಕ್ಕಳಿಗೆ ಹೊಸದರಂತೆಯೇ ಕಾಣುತ್ತವೆ. ಅದೇ ರೀತಿ ನಾಲ್ಕೈದು ಆಟಿಕೆಗಳನ್ನು ಮಾತ್ರ ಹೊರಗಿರಿಸಿ, ಉಳಿದವುಗಳನ್ನು ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಬಹುದು. ಹದಿನೈದು ದಿನಕ್ಕೊಮ್ಮೆ ಅದಲು ಬದಲು ಮಾಡಬಹುದು. ಮಗು ಅಪ್ಪಿಕೊಂಡು ಮಲಗುವ ಹಳೆಯ ಗೊಂಬೆಯನ್ನು ಮಾತ್ರ, ಅದೆಷ್ಟು ಮಾಸಿದ್ದರೂ, ಈ ಸರದಿಗೆ ಸೇರಿಸಬಾರದು.

ಆಟಿಕೆಗಳನ್ನು ವಿಂಗಡಿಸುವಾಗ ಅಚ್ಚುಕಟ್ಟಿಗಿಂತ ಸುರಕ್ಷತೆಗೆ ಮೊದಲ ಆದ್ಯತೆ ನೀಡತಕ್ಕದ್ದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಸಣ್ಣ ಭಾಗಗಳನ್ನು ಪರೀಕ್ಷಿಸಲು ಬಳಸುವ ಕೊಳವೆಯ ವ್ಯಾಸ ಸುಮಾರು 32 ಮಿಲಿಮೀಟರ್, ಅಂದರೆ ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಅದರೊಳಗೆ ಪೂರ್ತಿಯಾಗಿ ಇಳಿಯುವ ವಸ್ತು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಗೋಲಿ, ಕವಡೆ, ಅಳಗುಳಿ ಮಣೆಯ ಹುಣಸೆ ಬೀಜ, ಗೊಂಬೆಯ ಕಿತ್ತುಬಂದ ಕಣ್ಣು ಎಲ್ಲವೂ ಇದೇ ವರ್ಗಕ್ಕೆ ಸೇರುತ್ತವೆ. ದೊಡ್ಡ ಮಕ್ಕಳಿಗೆ ಇವು ಒಳ್ಳೆಯ ಆಟಗಳೇ; ಆದುದರಿಂದ ಎಸೆಯುವ ಬದಲು ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಎತ್ತರದಲ್ಲಿಟ್ಟು, ಕಿರಿಯ ಮಗು ಮಲಗಿರುವಾಗ ತೆಗೆದುಕೊಡುವುದು ಸೂಕ್ತ.

ಗುಂಡಿಯಾಕಾರದ ಚಪ್ಪಟೆ ಬ್ಯಾಟರಿಯ ವಿಷಯದಲ್ಲಿ ಯಾವ ಸಡಿಲಿಕೆಯೂ ಸಲ್ಲದು. ಹಾಡುವ ಗೊಂಬೆ, ದೀಪ ಮಿನುಗುವ ಆಟಿಕೆ, ರಿಮೋಟುಗಳಲ್ಲಿ ಇದು ಇರುತ್ತದೆ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಗಳೊಳಗೆ ತೀವ್ರವಾದ ಸುಟ್ಟಗಾಯ ಉಂಟಾಗಬಹುದು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆಯನ್ನು ಮನೆಯಲ್ಲಿಡಬಾರದು. ಮಗು ಬ್ಯಾಟರಿ ನುಂಗಿದ ಸಂಶಯ ಬಂದಲ್ಲಿ ವಾಂತಿ ಮಾಡಿಸದೆ, ಲಕ್ಷಣಗಳಿಗಾಗಿ ಕಾಯದೆ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯತಕ್ಕದ್ದು. ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು.

ಮನೆಯ ಹಿರಿಯರ ಹವ್ಯಾಸದ ಸಾಮಗ್ರಿಗಳೂ ಇಲ್ಲಿ ಗಮನಾರ್ಹ. ಹೊಲಿಗೆ ಯಂತ್ರದ ಸೂಜಿ, ಗುಂಡುಪಿನ್ನು, ಕಸೂತಿಯ ಮಣಿ, ಬಣ್ಣ ತೆಳುಗೊಳಿಸುವ ಟರ್ಪೆಂಟೈನ್ ಇವುಗಳ ಸ್ಥಳ ಮಗುವಿನ ಕೈಗೆಟುಕದ ಎತ್ತರದಲ್ಲಿರಬೇಕು. ಅಕ್ಕನ ನಾಣ್ಯ ಸಂಗ್ರಹವೋ ಅಣ್ಣನ ಚಿತ್ರಕಲೆಯೋ ಆದರೆ ಅವರಿಗೆಂದೇ ಒಂದು ಬೀಗದ ಪೆಟ್ಟಿಗೆ ಕೊಟ್ಟಲ್ಲಿ ಮಕ್ಕಳೊಳಗಿನ ಅರ್ಧ ಜಗಳ ತಾನಾಗಿ ತಗ್ಗುತ್ತದೆ.

ಹೊಸದಾಗಿ ಕೊಳ್ಳುವವರು ಐ.ಎಸ್.ಐ. ಗುರುತನ್ನು ಪರಿಶೀಲಿಸತಕ್ಕದ್ದು. 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಇದನ್ನು ಕಡ್ಡಾಯಗೊಳಿಸಲಾಗಿದೆ. ನೋಂದಾಯಿತ ಕುಶಲಕರ್ಮಿಗಳು ತಯಾರಿಸುವ ಆಟಿಕೆಗಳಿಗೂ ಭೌಗೋಳಿಕ ಸೂಚಕವುಳ್ಳ ಆಟಿಕೆಗಳ ಅಧಿಕೃತ ತಯಾರಕರಿಗೂ ಈ ನಿಯಮದಿಂದ ವಿನಾಯಿತಿ ಇರುವುದರಿಂದ, ಚನ್ನಪಟ್ಟಣದ ಆಟಿಕೆಯ ಮೇಲೆ ಗುರುತು ಕಾಣದಿದ್ದ ಮಾತ್ರಕ್ಕೆ ಅದನ್ನು ನಕಲಿ ಎಂದು ಭಾವಿಸಬೇಕಾಗಿಲ್ಲ. ಅರಗಿನ ಬಣ್ಣದ ಈ ಮರದ ಆಟಿಕೆಗಳನ್ನು ನೀರಿನಲ್ಲಿ ನೆನೆಸದೆ ಒಣ ಬಟ್ಟೆಯಿಂದ ಒರೆಸಬೇಕು.

ಮಗು ಬೆಳೆದು ಬಿಟ್ಟ, ಮುರಿಯದ ಆಟಿಕೆಗಳನ್ನು ತೊಳೆದು ಒಣಗಿಸಿ, ಕಾರ್ಯಕರ್ತೆಯವರನ್ನು ಮುಂಚಿತವಾಗಿ ವಿಚಾರಿಸಿ ಅಂಗನವಾಡಿಗೆ ನೀಡಬಹುದು. ಯಾವುದನ್ನು ಕೊಡಬೇಕೆಂಬುದನ್ನು ಮಗುವಿನ ಎದುರಿಗೇ ನಿರ್ಧರಿಸುವುದು ಲೇಸು. ಶಾಲೆಯಿಂದ ಬಂದ ಮಗುವಿಗೆ ತನ್ನ ಬಸ್ಸು ಕಾಣೆಯಾಗಿರುವುದು ತಿಳಿದರೆ ಮುಂದೆ ಅದು ಮುರಿದ ಚೂರನ್ನೂ ಬಚ್ಚಿಡತೊಡಗುತ್ತದೆ. ಕೆಟ್ಟುಹೋದ ವಿದ್ಯುನ್ಮಾನ ಆಟಿಕೆಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಇ-ತ್ಯಾಜ್ಯ. ಅವುಗಳನ್ನು ಹಸಿ ಕಸದೊಂದಿಗೆ ಹಾಕದೆ, ಬ್ಯಾಟರಿ ಬೇರ್ಪಡಿಸಿ, ಅಧಿಕೃತ ಸಂಗ್ರಹಕಾರರಿಗೆ ನೀಡತಕ್ಕದ್ದು.

ಅಂಗನವಾಡಿ ದಾಖಲಾತಿಗೆ ಯಾವುದೇ ಶುಲ್ಕವಿರುವುದಿಲ್ಲ. ಹೆಚ್ಚಿನ ಮಾಹಿತಿಗಾಗಿ ಸಮೀಪದ ಅಂಗನವಾಡಿ ಕಾರ್ಯಕರ್ತೆಯವರನ್ನು ಅಥವಾ ಸಂಬಂಧಪಟ್ಟ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.