ತಿರುವಿನಲ್ಲಿ ಚಕ್ರ ಕರಕರ ಎಂದರೆ

ಶಿರಾಡಿ ಘಾಟಿಯ ತಿರುವಿನಲ್ಲಿ ಕಾರಿನ ಮುಂಚಕ್ರ ಸದ್ದು ಮಾಡತೊಡಗಿದರೆ ಹಾಡು ನಿಲ್ಲಿಸಿ ಕಿವಿಗೊಡಬೇಕು. ಸದ್ದಿನ ಬಗೆಯೇ ಅರ್ಧ ರೋಗವನ್ನು ಹೇಳಿಬಿಡುತ್ತದೆ.

ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಹೊರಟಾಗ ಟಕಟಕ ಎಂದರೆ ಅನುಮಾನ ಆಕ್ಸಲ್ ತುದಿಯ ಸಿವಿ ಜಾಯಿಂಟ್ ಮೇಲೆ. ಅದನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿದರೆ ಗ್ರೀಸ್ ಹೊರಗೆ ಸಿಡಿಯುತ್ತದೆ. ನೀರು, ಮರಳು ಒಳಸೇರಿ ಉಕ್ಕಿನ ಗುಂಡುಗಳನ್ನು ಸವೆಸುತ್ತವೆ. ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಮೆತ್ತಿಕೊಂಡಿದ್ದರೆ ಅದೇ ಸಾಕ್ಷಿ. ಸದ್ದು ಶುರುವಾಗುವ ಮೊದಲೇ ಕಣ್ಣಿಗೆ ಬಿದ್ದರೆ ಬೂಟ್ ಬದಲಿಸಿ ಹೊಸ ಗ್ರೀಸ್ ತುಂಬಿದರೆ ಸಾಕಾಗಬಹುದು. ತಡವಾದರೆ ಜಾಯಿಂಟನ್ನೇ ಬದಲಿಸಬೇಕು, ಖರ್ಚೂ ಏರುತ್ತದೆ.

ಬೇರಿಂಗ್ ಕಥೆ ಬೇರೆ. ವೇಗದ ಜೊತೆ ಏರುವ ಗುರುಗುರು ಸದ್ದು ಅದರದು. ಎಡಕ್ಕೆ ತಿರುಗಿದಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಮೊದಲು ನೋಡಬೇಕಾದದ್ದು ಬಲಗಡೆಯ ಬೇರಿಂಗ್. ಮೆಕ್ಯಾನಿಕ್ ಕಾರನ್ನು ಎತ್ತಿ ನಿಲ್ಲಿಸಿ, ಚಕ್ರದ ಮೇಲಂಚು ಕೆಳಅಂಚು ಹಿಡಿದು ಅಲ್ಲಾಡಿಸಿದರೆ ಸಡಿಲ ಕೈಗೇ ಗೊತ್ತಾಗುತ್ತದೆ.

ಕೆಲವೊಮ್ಮೆ ಕಾರಣ ತೀರಾ ಸಣ್ಣದು: ಬ್ರೇಕ್ ಡಿಸ್ಕ್‌ಗೂ ಅದರ ಹಿಂದಿನ ತಗಡಿಗೂ ನಡುವೆ ಸಿಕ್ಕಿಕೊಂಡ ಜಲ್ಲಿಚೂರು.

ಬ್ರೇಕ್ ಒತ್ತಿದಾಗಲೂ ಕರಕರ ಎಂದರೆ ಪ್ಯಾಡ್ ಪೂರ್ತಿ ಸವೆದು ಲೋಹಕ್ಕೆ ಲೋಹ ಉಜ್ಜುತ್ತಿರಬಹುದು. ಅಂಥ ಕಾರನ್ನು ಘಾಟಿಗೆ ಇಳಿಸಬೇಡಿ, ಮೊದಲು ಗ್ಯಾರೇಜಿಗೆ ಒಯ್ಯಿರಿ.