ನೋಂಬಿಗೆ ಮುಂಚೆ ಮಾಡು ನೋಡಿ

ಊರಲ್ಲಾದರೆ ಮಾಡಿನ ಕೆಲಸಕ್ಕೆ ಮೇ ತಿಂಗಳು ಸಾಕು, ಜೂನ್ ಮಳೆಗೆ ಮುಂಚೆ ಮುಗಿದರಾಯಿತು. ಘಟ್ಟ ಹತ್ತಿ ಬಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆ ನೆಲೆಸಿದ ನಮಗೆ ಆ ಲೆಕ್ಕ ಸರಿಹೋಗುವುದಿಲ್ಲ. ಇಲ್ಲಿ ಏಪ್ರಿಲ್‌ನಲ್ಲೇ ಗಾಳಿ, ಗುಡುಗು, ಕೆಲವೊಮ್ಮೆ ಆಲಿಕಲ್ಲು. ಒಂದು ಹೆಂಚು ಜರುಗಿದ್ದರೂ ಹಾಸಿಗೆ, ಅಕ್ಕಿ ಮೂಟೆ ಎಲ್ಲ ಒದ್ದೆ.

ಹಾಗಾಗಿ ಬೆಳಗಿನ ಚಳಿ ಬಿಡುವ ಮೊದಲೇ ಹೆಂಚು ಕೈಯಾಡಿಸಬೇಕು. ವರ್ಷಕ್ಕೆ 10-11 ದಿನ ಹಿಂದೆ ಸರಿಯುವ ರಮಝಾನ್ ಕೂಡ ಈಗ ಈ ಚಳಿಯ ಹೊತ್ತಿಗೇ ಬರುತ್ತಿದೆ. ನೋಂಬು ಹಿಡಿದು ಮಾಡು ಹತ್ತಿದರೆ ತಲೆ ಸುತ್ತೀತು, ಮೊದಲೇ ಮುಗಿಸಿಬಿಡಿ. ಮಂಜು ಬಿದ್ದ ಪಾಚಿ ಹೆಂಚು ಸಾಬೂನಿನಂತೆ ಜಾರುತ್ತದೆ. ಬಿಸಿಲಿಗೆ ಒಣಗಿದ ಮೇಲೆಯೇ ಏಣಿ ಇಡಿ. ಒಡೆದದ್ದನ್ನು ಬದಲಿಸಿ ಸುಮ್ಮನೆ ಇಳಿಯಬೇಡಿ, ರೀಪಿಗೆ ಗೆದ್ದಲು ಹಿಡಿದಿದೆಯೇ ಎಂದು ಚುಚ್ಚಿ ನೋಡಿ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಂಪೆನಿಗಳು ಹುಟ್ಟಿದವು. ಒಂದರ ಹೆಂಚಿನ ಪಕ್ಕ ಇನ್ನೊಂದರದ್ದು ಸರಿಯಾಗಿ ಕೂರದು. ಹಳೇ ಮನೆ ಬಿಚ್ಚುವ ಕಡೆ ವಿಚಾರಿಸಿದರೆ ಜೋಡಿ ಸಿಕ್ಕೀತು.

ಒಳಗಿನ ಕೆಲಸ ಹೇಗೂ ಉಮ್ಮಂದಿರ ತಲೆಗೇ! ಮಸಿ ಕೊಡವಿ, ಅಟ್ಟದ ಪಾತ್ರೆ ತೊಳೆದು, ಕೊರೆಯುವ ನೀರಲ್ಲಿ ಕಂಬಳಿ ಒಗೆಯಬೇಕು. ಹಂಡೆಗೆ ಬೆಂಕಿ ಹಾಕಿ, ಕಂಬಳಿ ಹಿಂಡಿ ಕೊಡಲು ಗಂಡುಮಕ್ಕಳಿಗೇನು ಕಷ್ಟ?

ನೋಂಬಿಗೆಂದು ಮಸೀದಿಗೆ ಬಣ್ಣ ಹೊಡೆಯುವ ಹುಡುಗರು ಪ್ರತಿ ಜಮಾಅತಿನಲ್ಲೂ ಇದ್ದಾರೆ. ಏಣಿ ಹೇಗೂ ಕೈಯಲ್ಲಿದೆ. ಒಂಟಿಯಾಗಿರುವ ಅಜ್ಜಿಯರ ಮಾಡನ್ನೂ ಅವರು ಒಮ್ಮೆ ಹತ್ತಿ ನೋಡಲಿ.