ಮಷೀನು ತಿರುಗುತ್ತದೆ, ಕೆರೆಯುವುದು ಹಾಳೆ

“ಮಷೀನ್ ಚಲೋ ಇದ್ರ ಆತು, ಹಾಳಿ ಯಾವ್ದಾದ್ರೇನ್ರಿ?” ರಾಯಚೂರು ಜಿಲ್ಲೆಯ ಗುರುಗುಂಟಾ, ಲಿಂಗಸುಗೂರು ಕಡೆ ಬಾಗಿಲು, ಕಿಟಕಿ, ಮಂಚ ಮಾಡುವವರ ಕೈಗೆ ಕರೆಂಟಿನ ಸ್ಯಾಂಡರ್ ಬಂದ ಮೇಲೆ ಹುಟ್ಟಿದ ತಪ್ಪು ನಂಬಿಕೆಗಳಿಗೆಲ್ಲ ಇದೇ ತಾಯಿಬೇರು. ಮಷೀನು ಕೊಳ್ಳುವಾಗ ವಾಟ್ ಎಷ್ಟು, ಗ್ಯಾರಂಟಿ ಎಷ್ಟು, ರಿಪೇರಿ ಎಲ್ಲಿ ಎಂದು ಹತ್ತು ಸಲ ಕೇಳುವವರು, ಪಾಲಿಶ್ ಪೇಪರಿನ ಸರದಿ ಬಂದಾಗ “ಎಂಬತ್ತರದ್ದು ನಾಕು ಕೊಡ್ರಿ” ಎಂದಷ್ಟೇ ಹೇಳಿ, ಕೊಟ್ಟದ್ದನ್ನು ಮಡಚಿ ಜೇಬಿಗಿಳಿಸುತ್ತಾರೆ. ಮಡಚಿದ ಗೆರೆಯ ಉದ್ದಕ್ಕೂ ಹರಳು ಸಡಿಲವಾಗಿ, ಅಂಗಡಿ ದಾಟುವ ಮೊದಲೇ ಹಾಳೆ ಅರ್ಧ ಕೆಟ್ಟಿರುತ್ತದೆ. ಮಷೀನಿನದು ಅಲುಗಾಡಿಸುವ ಕೆಲಸ ಮಾತ್ರ. ಮರವನ್ನು ಕೆರೆಯುವುದು ಹಾಳೆಯ ಮೇಲಿನ ಹರಳು.

ಆ ಹರಳು ಉಸುಕು ಎಂದು ತಿಳಿದವರು ಈಗಲೂ ಇದ್ದಾರೆ. ಉಸುಕೆಂದರೆ ಬಹುಪಾಲು ಬೆಣಚುಕಲ್ಲಿನ ಪುಡಿ. ಹಟ್ಟಿಯ ಗಣಿಯಲ್ಲಿ ಚಿನ್ನವನ್ನು ಹೊತ್ತಿರುವ ಕಲ್ಲೂ ಅದೇ ಜಾತಿಯದು. ಗಡಸುತನದ ಮೋಸ್ ಅಳತೆಯಲ್ಲಿ ಅದು 7. ಇವತ್ತಿನ ಹಾಳೆಗಳ ಮೇಲೆ ಹೆಚ್ಚಾಗಿ ಇರುವುದು ಕುಲುಮೆಯಲ್ಲಿ ಕರಗಿಸಿ ತೆಗೆದ ಅಲ್ಯೂಮಿನಿಯಂ ಆಕ್ಸೈಡ್, ಅದು 9. ಇಲ್ಲವೇ ಅದಕ್ಕಿಂತಲೂ ಗಡಸಾದ ಸಿಲಿಕಾನ್ ಕಾರ್ಬೈಡ್. ಗಡಸು ಹೆಚ್ಚಿದಷ್ಟೂ ಮರಕ್ಕೆ ಒಳ್ಳೆಯದು ಎನ್ನುವುದೂ ಸರಿಯಲ್ಲ. ಸಿಲಿಕಾನ್ ಕಾರ್ಬೈಡ್ ಚೂಪಾದರೂ ಪೆಡಸು. ಬಣ್ಣ, ವಾರ್ನಿಶ್, ಕಲ್ಲು, ಗಾಜಿಗೆ ಸೊಗಸಾಗಿ ಒಗ್ಗುತ್ತದೆ, ಬರಿ ಮರದ ಮೇಲೆ ಬೇಗ ಸವೆಯುತ್ತದೆ. ಮರಕ್ಕೆ ಅಲ್ಯೂಮಿನಿಯಂ ಆಕ್ಸೈಡೇ ತಕ್ಕದ್ದು. ಹಾಳೆಯ ಬಣ್ಣ ನೋಡಿ ಜಾತಿ ಹೇಳುವ ಅಭ್ಯಾಸವನ್ನೂ ಬಿಡಬೇಕು, ಅದೆಷ್ಟೋ ಸಲ ಬರಿ ಹಚ್ಚಿದ ಬಣ್ಣ. ಹಾಳೆ ತಿರುವಿ ಬೆನ್ನ ಮೇಲಿನ ಅಚ್ಚು ಓದಿ.

ಹಾಗೆ ಓದುವಾಗ ನಂಬರಿನ ಎದುರು ‘ಪಿ’ ಅಕ್ಷರ ಇದೆಯೇ ಎಂದೂ ನೋಡಿ. “ನಾನೂರು ಅಂದ್ರ ನಾನೂರ, ಯಾವ ಕಂಪನಿ ಆದ್ರೇನು” ಎಂಬ ಮಾತಿನಿಂದ ಕೆಟ್ಟ ಪಾಲಿಶ್ ಕೆಲಸಗಳಿಗೆ ಲೆಕ್ಕವಿಲ್ಲ. ‘ಪಿ’ ಇದ್ದರೆ ಅದು ಯುರೋಪಿನ ಅಳತೆ, ಇಲ್ಲದಿದ್ದರೆ ಅಮೆರಿಕದ ಹಳೆಯ ಅಳತೆ ಇರಬಹುದು. 80, 120ರಂಥ ದಪ್ಪ ನಂಬರುಗಳಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ. ಮೇಲೆ ಹೋದಂತೆ ದಾರಿ ಬೇರೆಯಾಗುತ್ತದೆ: ಅಮೆರಿಕದ 320 ಸುಮಾರಾಗಿ ಪಿ 400ಕ್ಕೆ ಸಮ, ಅಮೆರಿಕದ 400 ಪಿ 800ರ ಹತ್ತಿರ, 600 ಪಿ 1200ರ ಹತ್ತಿರ. ಎರಡು ಕೋಟಿನ ನಡುವೆ ಒಂದು ದಿನ ಒಂದು ಕಂಪನಿಯ 400, ಮರುದಿನ ಇನ್ನೊಂದರ ಪಿ 400 ಹಾಕಿ ಉಜ್ಜಿದರೆ ಹೊಳಪು ಎರಡು ಬಗೆಯಾಗಿ ನಿಲ್ಲುತ್ತದೆ. ಬೈಗುಳ ಮಾತ್ರ ಪಾಲಿಶ್ ಡಬ್ಬಿಗೆ. ಒಂದು ಕೆಲಸಕ್ಕೆ ಒಂದೇ ಅಳತೆಯ ಹಾಳೆ ಹಿಡಿದರೆ ಈ ತಾಪತ್ರಯವೇ ಇಲ್ಲ.

ಸವೆದ 80ರ ಹಾಳೆ ತಾನಾಗಿ 120 ಆಗುತ್ತದೆ ಎಂಬ ಲೆಕ್ಕಾಚಾರ ಕೇಳಲು ಜಾಣತನದಂತಿದೆ. ಪಿ 80ರ ಹರಳು ಸರಾಸರಿ 200 ಮೈಕ್ರಾನ್, ಪಿ 120ರದ್ದು 125. ಸವೆದಾಗ ಎಲ್ಲ ಹರಳೂ ಸಮನಾಗಿ ಚಿಕ್ಕದಾಗುವುದಿಲ್ಲ. ಹೆಚ್ಚಿನವು ಮೊಂಡಾಗಿ ಮರವನ್ನು ತಿಕ್ಕಿ ಬಿಸಿ ಮಾಡುತ್ತವೆ, ಉಳಿದ ನಾಲ್ಕಾರು ಮಾತ್ರ 80ರದ್ದೇ ಆಳದ ಗೀರು ಎಳೆಯುತ್ತವೆ. ತಿಕ್ಕಿಸಿಕೊಂಡ ಜಾಗ ಬಣ್ಣ ಹೀರದು, ಗೀರಿನ ಜಾಗ ಹೆಚ್ಚು ಹೀರುತ್ತದೆ. 80ರಿಂದ ನೇರ 220ಕ್ಕೆ ಜಿಗಿಯುವುದೂ ಇದೇ ಸಾಲಿನದು. 80, 120, 180 ಎಂದು ಹತ್ತಿದರೆ ಒಟ್ಟು ಹೊತ್ತು ಕಡಿಮೆಯೇ ಹಿಡಿಯುತ್ತದೆ, ಏಕೆಂದರೆ ಹಿಂದಿನ ಹಾಳೆಯ ಗೀರು ಅಳಿಸುವುದಷ್ಟೇ ಮುಂದಿನದರ ಕೆಲಸ. ಸೀಸದ ಕಡ್ಡಿಯಿಂದ ಹಲಗೆ ಮೇಲೆ ಅಡ್ಡಾದಿಡ್ಡಿ ಗೆರೆ ಎಳೆದು, ಅದು ಅಳಿಯುವವರೆಗೆ ಉಜ್ಜಿ ನಂಬರು ಬದಲಿಸಿ. ಬರಿ ಮರಕ್ಕೆ ಪಿ 180 ಅಥವಾ 220ಕ್ಕೆ ನಿಂತರೆ ಸಾಕು. 600ರವರೆಗೆ ನುಣುಪು ಮಾಡಿದವರು ಆಮೇಲೆ ಬಣ್ಣ ಇಳಿಯಲಿಲ್ಲ ಎಂದು ಗೊಣಗುತ್ತಾರೆ.

ಒತ್ತಿ ಹಿಡಿದರೆ ಬೇಗ ಮುಗಿಯುತ್ತದೆ ಎಂಬುದಕ್ಕೆ ಮಷೀನೇ ಉತ್ತರ ಕೊಡುತ್ತದೆ. ದುಂಡನೆ ಬಿಲ್ಲೆ ಹಾಕುವ ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ ಅದುರುತ್ತಲೇ ತಿರುಗಬೇಕು. ಮೈಭಾರ ಹಾಕಿದಿರೋ, ತಿರುಗುವುದು ನಿಂತು ಅದುರುವುದಷ್ಟೇ ಉಳಿದು, ಮರದ ತುಂಬ ಸುರುಳಿ ಗೀರು ಬೀಳುತ್ತದೆ. ಅಡಿಯ ವೆಲ್ಕ್ರೋ ಕಾದು ಅದರ ಹಲ್ಲೂ ಕರಗುತ್ತದೆ. ಮಷೀನಿನ ಸ್ವಂತ ಭಾರ, ಮೇಲೊಂದು ಹಗುರ ಕೈ, ಅಷ್ಟೇ.

ಈ ಸೀಮೆಗೆ ಒಂದು ಎಚ್ಚರಿಕೆ ಬೇರೆಯಾಗಿಯೇ ಹೇಳಬೇಕು. ಕಬ್ಬಿಣದ ಗ್ರಿಲ್ ಉಜ್ಜಿದ ಹಾಳೆಯನ್ನೇ ಮರಕ್ಕೂ ಹಾಕಿದರೆ ಕಬ್ಬಿಣದ ಕಣ ಮರದಲ್ಲಿ ಸಿಕ್ಕಿಕೊಳ್ಳುತ್ತವೆ. ಜಾಲಿ, ಸಾಗವಾನಿಯಂಥ ಮರದಲ್ಲಿ ಟ್ಯಾನಿನ್ ಇರುತ್ತದೆ. ತೇವ ತಗುಲಿದೊಡನೆ ಅದೂ ಕಬ್ಬಿಣವೂ ಕೂಡಿ ಕಪ್ಪು ಚುಕ್ಕೆ ಏಳುತ್ತವೆ. ಮರ ಹುಳುಕಾಗಿದೆ ಎಂದು ಗಿರಾಕಿ ಜಗಳಕ್ಕೆ ನಿಲ್ಲುವುದೊಂದೇ ಬಾಕಿ.

ಇನ್ನು ಇಡುವ ವಿಷಯ. “ಒದ್ದಿ ಆಗದಂಗ ಇಟ್ರ ಸಾಕು” ಎಂಬ ಮಾತು ಕರಾವಳಿಯಲ್ಲಿ ಸರಿ ಇದ್ದೀತು. ರಾಯಚೂರು ಜಿಲ್ಲೆಯಲ್ಲಿ ಅದು ಅರ್ಧ ಸತ್ಯ. ಇಲ್ಲಿನ ಅಮರೇಶ್ವರನ ಜಾತ್ರೆ ಮುಗಿಯುವ ಹೊತ್ತಿಗೆ ಏರತೊಡಗುವ ಬಿಸಿಲು ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಅದಕ್ಕೂ ಮೇಲೆ. ಹಾಳೆ ತಯಾರಿಸುವವರು ಕೇಳುವುದು ಸುಮಾರು 20 ಡಿಗ್ರಿಯ ಆಸುಪಾಸಿನ ತಂಪು, ಗಾಳಿಯಲ್ಲಿ ಸುಮಾರು ಅರ್ಧದಷ್ಟು ತೇವ. ಅಂಥ ಹವೆ ಇಲ್ಲಿ ವರ್ಷವಿಡೀ ಸಿಗುವುದಿಲ್ಲ, ನಿಜ. ಆದರೆ ಶೆಡ್ಡಿನ ತಗಡಿಗೆ ತಾಗಿದ ಅಟ್ಟಕ್ಕಿಂತ ಮನೆಯ ಒಳಗೋಡೆಯ ಗೂಡು ಎಷ್ಟೋ ಮೇಲು.

ಒಣಗುವುದರಿಂದ ಕೆಡುವುದು ಹೇಗೆ? ಹಾಳೆಗೆ ಎರಡು ಮೈ: ಬೆನ್ನಿಗೆ ಕಾಗದ, ಎದೆಗೆ ಅಂಟು ಮತ್ತು ಹರಳು. ಕಾಗದ ತೇವ ಬಂದರೆ ಹಿಗ್ಗುತ್ತದೆ, ಹೋದರೆ ಕುಗ್ಗುತ್ತದೆ. ಗಟ್ಟಿ ರಾಳದ ಅಂಟು ಅಷ್ಟಾಗಿ ಅಲುಗುವುದಿಲ್ಲ. ಆ ಹಗ್ಗಜಗ್ಗಾಟದಲ್ಲಿ ಹಾಳೆ ಸುರುಳಿ ಸುತ್ತುತ್ತದೆ. ಮೃಗಶಿರಾ ಮಳೆ ಹಿಡಿದಾಗ ಒಂದು ಕಡೆಗೆ ಸುತ್ತಿದರೆ, ಬೇಸಿಗೆಯಲ್ಲಿ ಇನ್ನೊಂದು ಕಡೆಗೆ. ಬಿಸಿಲಲ್ಲಿ ಪೆಡಸಾದ ಹಾಳೆಯನ್ನು ಚೌಕ ಸ್ಯಾಂಡರಿನ ಕ್ಲಿಪ್ಪಿಗೆ ಸಿಕ್ಕಿಸಲು ಬಗ್ಗಿಸಿದೊಡನೆ ಹಪ್ಪಳದಂತೆ ಮುರಿಯುತ್ತದೆ. ಜನ ಕ್ಲಿಪ್ಪಿಗೆ ಬೈಯುತ್ತಾರೆ.

ನೀರು ಚಿಮುಕಿಸಿ ನೆಟ್ಟಗೆ ಮಾಡುವುದು ಇನ್ನೂ ಕೆಟ್ಟ ಉಪಾಯ. ನೀರಿಗೆ ತಾಳುವ ಹಾಳೆಯೇ ಬೇರೆ ಜಾತಿ. ಫ್ರಾನ್ಸಿಸ್ ಓಕಿ ಎಂಬವರ ಕಲ್ಪನೆಯಿಂದ ಅದು 1921ರಲ್ಲಿ ಅಮೆರಿಕದ ಪೇಟೆಗೆ ಬಂತು. ಕಾರಿಗೆ ಬಣ್ಣ ಹೊಡೆಯುವವರು ಇವತ್ತಿಗೂ ನೆನೆಸಿ ಉಜ್ಜುವ ಕಪ್ಪು ಹಾಳೆ ಅದರ ವಂಶದ್ದೇ. ಮಿಕ್ಕ ಮಾಮೂಲಿ ಹಾಳೆಗೆ ನೀರು ಬಿದ್ದರೆ ಬೆನ್ನು ಮೆತ್ತಗಾಗಿ ಹರಿಯುತ್ತದೆ. ಸುರುಳಿ ಬಿಡಿಸಲು ಹಾಳೆಯ ಬೆನ್ನನ್ನು ಮೇಜಿನ ಅಂಚಿಗೆ ತಾಗಿಸಿ, ಎರಡೂ ತುದಿ ಹಿಡಿದು ಒಂದೆರಡು ಸಲ ನಿಧಾನ ಎಳೆಯಿರಿ. ಅಂಟು ಸಣ್ಣಗೆ ಬಿರುಕು ಬಿಟ್ಟು ಹಾಳೆ ಬಳುಕುತ್ತದೆ, ಹರಳು ಉದುರುವುದಿಲ್ಲ. ಕ್ಲಿಪ್ಪಿಗೆ ಹಾಕುವ ಮುನ್ನ ಹೊಸ ಹಾಳೆಗೂ ಇದು ಒಳ್ಳೆಯದೇ.

ಇಡುವುದಕ್ಕೆ ದೊಡ್ಡ ಏರ್ಪಾಡು ಬೇಡ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನಂಬರುವಾರು ಬೇರೆ ಬೇರೆ ಮಾಡಿ ಮಟ್ಟಸವಾಗಿ ಮಲಗಿಸಿ, ಮೇಲೊಂದು ಪ್ಲೈವುಡ್ ತುಂಡು ಹೇರಿ. ದಪ್ಪ ಹರಳು ನುಣುಪು ಹಾಳೆಯ ಮೇಲೆ ಉದುರಿದರೆ 220ರ ಹಾಳೆಯೂ 60ರ ಗೀರು ಎಳೆದೀತು. ಬೇರೆ ಬೇರೆ ಮಾಡುವುದು ಅದಕ್ಕೇ. ಡಬ್ಬಿ ನೆಲದ ಮೇಲಾಗಲಿ ಬಿಸಿಲು ಹೊಡೆಯುವ ಹೊರಗೋಡೆಗಾಗಲಿ ತಾಗಬಾರದು. ಎರೆಭೂಮಿಯ ಕಡೆ ಗೆದ್ದಲಿಗೂ ಕಾಗದವೆಂದರೆ ಪ್ರೀತಿ. ಬೆಲ್ಟ್ ಸ್ಯಾಂಡರಿನ ಬೆಲ್ಟನ್ನು ಮೊಳೆಗೆ ನೇತುಹಾಕಿದರೆ ಮೊಳೆ ತಾಗಿದಲ್ಲಿ ಮಡಿಕೆ ಬಿದ್ದು, ಓಡುವಾಗ ಅಲ್ಲೇ ಕಿತ್ತುಬರುತ್ತದೆ. ಗೋಡೆಗೆ ನಾಲ್ಕು ಇಂಚಿನ ಪೈಪಿನ ತುಂಡು ಬಡಿದು ಅದರ ಮೇಲೆ ತೂಗಿಸಿ. ಬೆಲ್ಟಿನ ಒಳಮೈಯಲ್ಲಿ ಬಾಣದ ಗುರುತು ಇದ್ದರೆ ಮಷೀನಿನ ಬಾಣದ ದಿಕ್ಕಿಗೇ ಹಾಕಿ. ತಿರುಗುಮುರುಗಾದರೆ ಹಳೆಯ ಬಗೆಯ ಜೋಡಣೆ ಎದ್ದುಬರುತ್ತದೆ. ಬಾಣ ಇಲ್ಲದ ಬೆಲ್ಟಿಗೆ ಎರಡು ದಿಕ್ಕೂ ಒಂದೇ. ಜೋಡಣೆಯ ಟೇಪಿನ ಅಂಟಿಗೂ ಆಯುಷ್ಯವಿದೆ, ಅಗ್ಗ ಸಿಕ್ಕಿತೆಂದು ವರ್ಷಗಟ್ಟಲೆಗಾಗುವಷ್ಟು ಬೆಲ್ಟು ತಂದಿಡುವುದು ಉಳಿತಾಯವಲ್ಲ.

ಬಿಲ್ಲೆಯ ತೂತುಗಳು ಗಾಳಿಯಾಡಿಸಿ ತಂಪು ಮಾಡಲಿಕ್ಕಲ್ಲ, ಧೂಳು ಹೀರಲಿಕ್ಕೆ. ಅವು ಅಡಿಯ ಪ್ಯಾಡಿನ ತೂತಿಗೆ ಸರಿಯಾಗಿ ಕೂರದಿದ್ದರೆ ಧೂಳು ಹರಳುಗಳ ನಡುವೆ ತುಂಬಿ ಹಾಳೆ ಬೇಗ ಸಾಯುತ್ತದೆ, ಉಳಿದ ಧೂಳು ನಿಮ್ಮ ಮೂಗಿಗೆ. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಸೇರಿಸಿದೆ. ಮುಖಕ್ಕೆ ಸುತ್ತಿದ ಟವೆಲ್ಲು ಕಣ್ಣಿಗೆ ಕಾಣುವ ಹೊಟ್ಟನ್ನು ತಡೆಯುತ್ತದೆ, ಒಳಗಿಳಿಯುವ ಸಣ್ಣ ಧೂಳನ್ನಲ್ಲ. ಅದಕ್ಕೆ ಮೂಗಿಗೆ ಬಿಗಿಯಾಗಿ ಕೂರುವ ಎನ್ 95 ಮಾಸ್ಕೇ ಬೇಕು.